ದಾಳಿಂಬೆ ಬಣ್ಣದ ಕಫ್ತಾನು

ಬಾಗಿಲು ತಳ್ಳುವ ಮುಂಚೆ ಅಣ್ಣ ತಹಾಮಿ ಬೀದಿಯ ಎರಡೂ ಕಡೆ ಒಮ್ಮೆ ನೋಡಿದ. ಅದನ್ನು ಕಂಡು ಯಾಮ್ನಾಳ ಹೊಟ್ಟೆ ತಣ್ಣಗಾಯಿತು. ನೋಡಲಿ, ಚೆನ್ನಾಗಿ ನೋಡಲಿ. ನಾಡಿದ್ದು ಹಜ್ಜಿಗೆ ವಿಮಾನ ಹತ್ತುವವನು, ಇಸ್ತ್ರಿ ಮಾಡಿದ ಬಿಳಿ ಜಲ್ಲಾಬ ತೊಟ್ಟು, ಕೈಯಲ್ಲಿ ಜಪಮಣಿ ಹಿಡಿದು, ತಲೆ ನೆರೆತ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಂಜೆಹೊತ್ತಿನಲ್ಲಿ ಬಾರಿಗೆ ನುಗ್ಗುವುದನ್ನು ಕಾಸಾಬ್ಲಾಂಕಾದ ಜನವೆಲ್ಲ ನಿಂತು ನೋಡಲಿ. ಟ್ರಾಮಿನಲ್ಲಿ ಬರುವಾಗ ಅವನು ಮಣಿಗಳನ್ನು ಸರಿಸುತ್ತಿದ್ದ, ಆದರೆ ತುಟಿ ಅಲುಗುತ್ತಿರಲಿಲ್ಲ. ಇಷ್ಟು ವರ್ಷ ಅವಳು ಈ ಬೀದಿಯಲ್ಲಿ ಎಷ್ಟೋ ಸಲ ಹಾದುಹೋಗಿದ್ದಳು, ಪ್ರತಿ ಸಲವೂ ಎದುರಿನ ಪಾದಚಾರಿ ದಾರಿಗೆ ದಾಟಿಕೊಂಡು, ಮುಖ ಅತ್ತ ತಿರುಗಿಸಿಕೊಂಡು. ಬಾಗಿಲ ಮೇಲಿನ ತಗಡಿನ ಮೀನು, ಅದರ ಕೆಳಗೆ ‘ಲಾ ಸಾರ್ದೀನ್’ ಎಂಬ ಅಕ್ಷರ, ಇಷ್ಟೇ ಅವಳಿಗೆ ಗೊತ್ತಿದ್ದದ್ದು. ತನ್ನ ಬಾಳನ್ನು ನುಂಗಿ ನೀರು ಕುಡಿದ ಜಾಗದ ಒಳಗೆ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಅವಳು ಚಹಾದ ತಟ್ಟೆ ಹಿಡಿದು ನಡುಮನೆಗೆ ಬಂದಾಗ ತಹಾಮಿ ಎಲ್ಲರ ಬಳಿಯೂ ಕ್ಷಮೆ ಕೇಳುತ್ತಿದ್ದ. ಹಜ್ಜಿಗೆ ಹೊರಟವನು ಯಾರ ಋಣವನ್ನೂ ಯಾರ ನೋವನ್ನೂ ಹೊತ್ತುಕೊಂಡು ಹೋಗಬಾರದು. ಹಾಗೆ ಹೋದರೆ ಅಲ್ಲಿ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅವನು ಕೇಳುತ್ತಿದ್ದ, ಅವರು ‘ಇಹಕ್ಕೂ ಪರಕ್ಕೂ ಕ್ಷಮಿಸಿದೆ’ ಎನ್ನುತ್ತಿದ್ದರು, ಭುಜಕ್ಕೆ ಭುಜ ತಾಗಿಸುತ್ತಿದ್ದರು, ಮುಂದಿನವರು. ಕೊಟ್ಟಿದ್ದೇನು ಪಡೆದಿದ್ದೇನು ಎಂದು ಯಾರೂ ಲೆಕ್ಕ ಹಾಕುವುದಿಲ್ಲ, ಕೇಳುವುದೂ ಇಲ್ಲ. ಅವಳ ಸರದಿ ಬಂದಾಗ ತಹಾಮಿ ಅವಳ ತಲೆಗೆ ಮುತ್ತಿಟ್ಟು, ‘ತಂಗೀ, ಏನಾದ್ರೂ ತಪ್ಪಾಗಿದ್ರೆ ಕ್ಷಮಿಸ್ಬಿಡು’ ಎಂದ. ಅವಳು ತಟ್ಟೆಯನ್ನು ಕೆಳಗಿಟ್ಟಳು. ‘ಯಾವುದಕ್ಕೆ?’ ಎಂದಳು. ಅತ್ತಿಗೆ ಬತೂಲ್ ನಗಲು ನೋಡಿದಳು. ‘ಇವಳದೊಂದು! ಯಾವುದಕ್ಕೆ ಅಂತ ಯಾರಾದ್ರೂ ಕೇಳ್ತಾರೇನೇ? ಹೇಳ್ಬಿಡು, ಚಹಾ ಆರಿಹೋಗುತ್ತೆ.’ ಯಾಮ್ನಾ ಹೇಳಲಿಲ್ಲ. ಮಧ್ಯಾಹ್ನ ಮಹಡಿ ಮೆಟ್ಟಿಲ ಮೇಲೆ ಅಣ್ಣ ಅವಳನ್ನು ಅಡ್ಡಗಟ್ಟಿ ಗೋಗರೆದಾಗ ಮಾತ್ರ ಹೇಳಿದಳು. ‘ನನ್ನ ಮಾನ ಎಲ್ಲಿ ಹೋಯ್ತೋ ಅಲ್ಲಿಗೆ ಕರ್ಕೊಂಡು ಹೋಗು. ಆ ಚಿತ್ರಾನ ನಾನು ನೋಡ್ಬೇಕು. ಆಮೇಲೆ ನಿಂಗೆ ಬೇಕಾದ್ದು ಅಲ್ಲೇ ಹೇಳ್ತೀನಿ.’ ಬೇರೆ ದಿನವಾಗಿದ್ದರೆ ಕೆನ್ನೆಗೆ ಬಿಗಿಯುತ್ತಿದ್ದ. ಇವತ್ತು ಅವನ ಕೈ ಜಪಮಣಿಯಲ್ಲೇ ಉಳಿಯಿತು. ಹೇಳುವುದು ಏನೆಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಅವನ ಗೆಳೆಯರೆಲ್ಲರ ಮುಂದೆ, ಗಟ್ಟಿಯಾಗಿ, ‘ಇಲ್ಲ.’

ಒಳಗೆ ಹುರಿದ ಮೀನಿನ ವಾಸನೆ, ಜೀರಿಗೆ ಉದುರಿಸಿದ ಅವರೆಬೇಳೆಯ ಹಬೆ, ಸಿಗರೇಟು. ಗೋಡೆಯಲ್ಲಿ ಅಂಗೈಯಗಲ ಜಾಗ ಬಿಡದೆ ಚಿತ್ರಗಳು. ಕುದುರೆಗಳು, ಬಂದರಿನ ಹಡಗುಗಳು, ಕೋಳಿ ಹಿಡಿದ ಮುದುಕಿ, ಏನೆಂದು ಗೊತ್ತಾಗದ ಬರೀ ಬಣ್ಣ, ಶೌಚದ ಬಾಗಿಲ ಮೇಲೂ ಒಂದು ಚಿತ್ರ, ತೊಲೆಗಳ ನಡುವೆ ಚಾವಣಿಗೂ ಅಂಟಿಸಿದ ಒಂದೆರಡು. ಗಲ್ಲೆಯ ಹಿಂದೆ ಒಡೆಯ ಬ್ರೀಕ್ ಲೋಟ ಒರೆಸುತ್ತಿದ್ದ, ಬಿಳಿ ಮೀಸೆಯ ಮುದುಕ. ಚಿತ್ರಗಾರರಿಗೆ ಕುಡಿಸಿ ಚಿತ್ರ ಪಡೆದೇ ಅವನು ಈ ಗೋಡೆ ತುಂಬಿಸಿದ್ದ ಎಂದು ಊರಿಗೆಲ್ಲ ಗೊತ್ತು. ತಹಾಮಿಯನ್ನು ಕಂಡದ್ದೇ ಕಿಟಕಿಯ ಮೇಜಿನಿಂದ ಒಂದು ದೊಡ್ಡ ದನಿ ಎದ್ದಿತು. ಸುಂಕದ ಕಚೇರಿಯಿಂದ ನಿವೃತ್ತನಾದ ಹಮ್ಮಾದಿಯದು. ‘ಅಯ್ಯಯ್ಯೋ ನೋಡ್ರೋ! ಹಾಜಿ ದಾರಿ ತಪ್ಪಿ ಬಂದ್ಬಿಟ್ಟಿದಾನೆ! ವಿಮಾನ ನಿಲ್ದಾಣ ಆ ಕಡೆ ಕಣಯ್ಯಾ!’ ಪಕ್ಕದವರು ಬಿದ್ದು ಬಿದ್ದು ನಕ್ಕರು. ‘ಬಿಳಿ ಬಟ್ಟೆ ಮೇಲೆ ಬಿಯರ್ ಚೆಲ್ಲೀತು, ದೂರ ನಿಲ್ಲಪ್ಪಾ!’ ಆಮೇಲೆ ಅವನ ಹಿಂದೆ ಹೆಂಗಸನ್ನು ಕಂಡರು, ತಲೆವಸ್ತ್ರ ಕಟ್ಟಿದ, ವಯಸ್ಸಾದ, ಮರ್ಯಾದಸ್ಥ ಹೆಂಗಸನ್ನು. ನಗು ಅರ್ಧಕ್ಕೇ ನಿಂತಿತು. ಯಾರೋ ಕಾಲ ಬಳಿಯ ಬಾಟಲಿಯನ್ನು ಮೇಜಿನ ಕೆಳಕ್ಕೆ ತಳ್ಳಿದರು. ತಹಾಮಿ ಯಾರನ್ನೂ ನೋಡದೆ ಮೂಲೆಯ ಮೇಜಿಗೆ ಹೋಗಿ, ಗೋಡೆಗೆ ಎದುರಾಗಿ, ಕೋಣೆಗೆ ಬೆನ್ನು ಹಾಕಿ ಕೂತ. ಆ ಕುರ್ಚಿ ಅವನದೇ ಇರಬೇಕು. ಕೈ ನೋಡದೆಯೇ ಅದರ ಬೆನ್ನನ್ನು ಹಿಡಿದೆಳೆದಿತ್ತು.

ಅವಳು ಅವನ ಎದುರಿಗೆ ಕೂತಳು. ಬ್ರೀಕ್ ತಾನೇ ಬಂದು ಮರ್ಯಾದೆಯಿಂದ ಕೇಳಿದ. ‘ಲಲ್ಲಾ, ಏನು ತರ್ಲಿ ನಿಮ್ಗೆ?’ ‘ಅರ್ಧ ಹಾಲಿನ ಕಾಫಿ’ ಎಂದಳು. ದನಿ ನಡುಗಲಿಲ್ಲವೆಂದು ಅವಳಿಗೇ ಆಶ್ಚರ್ಯ. ಮನೆಯಲ್ಲಿ ಬತೂಲ್‌ಳ ನೆಂಟರು ಬಂದಾಗ ಇದೇ ದನಿ ಯಾರಿಗೂ ಕೇಳುವುದಿಲ್ಲ. ಅಣ್ಣನ ಹಿರಿಯ ಮಗಳ ಮದುವೆಯಲ್ಲಿ ಮೆಹಂದಿಯ ಬಟ್ಟಲನ್ನು ಅವಳು ಎತ್ತಿಕೊಂಡಿದ್ದಳು, ಬರೀ ಆ ಕಡೆಯಿಂದ ಈ ಕಡೆಗೆ ಇಡಲೆಂದು. ಬತೂಲ್ ನಗುನಗುತ್ತಲೇ ಬಂದು ಕೈಯಿಂದ ಬಿಡಿಸಿಕೊಂಡಿದ್ದಳು. ‘ಬಿಡೇ ಯಾಮ್ನಾ, ಅದೃಷ್ಟ ಇರೋ ಕೈ ಮುಟ್ಲಿ.’ ಅಲ್ಲಿದ್ದ ಹೆಂಗಸರು ಕೇಳದವರಂತೆ ಹಾಡು ಮುಂದುವರಿಸಿದರು. ಮದುಮಗಳು ತೊಟ್ಟ ಉದ್ದ ಕಫ್ತಾನಿಗೆ ಜರಿಯ ಪಟ್ಟಿ ಹೆಣೆದದ್ದು, ಗುಂಡಿ ಕಟ್ಟಿದ್ದು, ಕಣ್ಣು ಕೆಂಪಾಗುವ ತನಕ ಕೂತದ್ದು ಇದೇ ಅದೃಷ್ಟವಿಲ್ಲದ ಕೈ. ಅದಕ್ಕೂ ಎಷ್ಟೋ ವರ್ಷ ಹಿಂದೆ, ಮೀಲೂದ್ ಎಂಬ ಶಾಲಾ ಮೇಷ್ಟ್ರಿಗೆ ಅವಳನ್ನು ಗೊತ್ತುಮಾಡಿದ್ದಾಗ ಅವಳು ತನಗೆಂದೇ ಒಂದು ಕಫ್ತಾನು ಹೊಲಿದುಕೊಂಡಿದ್ದಳು. ದಾಳಿಂಬೆ ಬಣ್ಣದ್ದು. ಬೀದಿಯಲ್ಲಿ ಅಂಥದು ಇನ್ನೊಂದಿರಲಿಲ್ಲ. ಸರ್ದೀನು ಮೀನಿನ ಹೊಟ್ಟೆ ಸೀಳಿ ಮಸಾಲೆ ತುಂಬುತ್ತಿದ್ದ ಒಂದು ಸಂಜೆ ತಹಾಮಿ ಬಿರುಗಾಳಿಯಾಗಿ ಒಳಬಂದ. ಮೊದಲ ಏಟು ಯಾಕೆಂದೇ ತಿಳಿಯಲಿಲ್ಲ. ‘ಬಾರಿನ ಗೋಡೆ ಮೇಲೆ ಬೆತ್ತಲೆ ಕೂತಿದೀಯಲ್ಲೇ! ಚಿತ್ರ ಬರೆಯೋ ಆ ಸಲ್ಲಾಮನ ಮುಂದೆ ಬಿಚ್ಚಿ ಕೂತ್ಯೇನೇ? ಪಕ್ಕದಲ್ಲೇ ಕಫ್ತಾನು ಬಿದ್ದಿದೆ, ನಿನ್ನದೇ ಕಫ್ತಾನು!’ ಸಲ್ಲಾಮ್ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ‘ನಾನಲ್ಲ, ತೋರ್ಸು, ಆ ಚಿತ್ರ ತೋರ್ಸು’ ಎಂದು ಅತ್ತಳು. ‘ಬಾರಿಗೆ ಬೇರೆ ಬರ್ತೀಯಾ ನಾಚ್ಕೆಗೆಟ್ಟವಳೇ?’ ಅವನು ಅವಳದೇ ಕತ್ತರಿಯಿಂದ ಕಫ್ತಾನನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿದ. ಮೀನಿನ ಕೈಯಲ್ಲೇ ಅವಳು ಆ ಪಟ್ಟಿಗಳನ್ನು ಆರಿಸಿದಳು. ಆ ವಾರವೇ ಮೀಲೂದನ ಕಡೆಯವರು ಮದುವೆ ನಿಶ್ಚಯಕ್ಕೆ ಕೊಟ್ಟ ಸಕ್ಕರೆ ಅಚ್ಚುಗಳು ವಾಪಸು ಹೋದವು.

‘ಎಲ್ಲಿದೆ?’ ಎಂದಳು.

ತಹಾಮಿ ತಿರುಗಲಿಲ್ಲ. ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿದ.

ಗಲ್ಲೆಯ ಮೇಲ್ಗಡೆ, ಬಾಟಲಿಗಳ ಸಾಲಿಗಿಂತ ಎತ್ತರದಲ್ಲಿತ್ತು. ಇಷ್ಟು ಸಣ್ಣದೇ? ರೊಟ್ಟಿ ಇಡುವ ಮರದ ಹಲಗೆಗಿಂತ ದೊಡ್ಡದಿಲ್ಲ. ಅವಳ ತಲೆಯಲ್ಲಿ ಅದು ಗೋಡೆಯಷ್ಟು ದೊಡ್ಡದಾಗಿತ್ತು, ಅದರಲ್ಲಿ ಅವಳ ಮುಖವಿತ್ತು, ಕಣ್ಣುಗಳಿದ್ದವು, ಬಂದವರನ್ನೆಲ್ಲ ಆ ಕಣ್ಣುಗಳು ನೋಡುತ್ತಿದ್ದವು. ಇಲ್ಲಿ ಮುಖವೇ ಇಲ್ಲ. ಗಿಡ್ಡ ಮಣೆಯ ಮೇಲೆ ಕೂತ ಹೆಂಗಸಿನ ಬೆನ್ನು, ಮೇಲಕ್ಕೆತ್ತಿ ಕಟ್ಟಿದ ಕೂದಲು, ಪಕ್ಕದ ಕುರ್ಚಿಯ ಮೇಲೆ ಅವಳ ಕಫ್ತಾನು. ಕಫ್ತಾನು ಅವಳದೇ, ಅನುಮಾನವಿಲ್ಲ. ಜರಿಯ ತಿರುವನ್ನೂ ಆ ಪುಣ್ಯಾತ್ಮ ಬಿಟ್ಟಿರಲಿಲ್ಲ. ಅದನ್ನು ಮತ್ತೆ ಕಂಡದ್ದಕ್ಕೆ ಕಣ್ಣು ತುಂಬಿತು, ಸತ್ತ ಮಗುವನ್ನು ಕಂಡ ಹಾಗೆ. ಒರೆಸಿಕೊಂಡು ಬೆನ್ನನ್ನು ನೋಡಿದಳು. ಎಡ ಹೆಗಲಮೂಳೆಯ ಕೆಳಗೆ ಅವರೆಕಾಳಿನಾಕಾರದ ಒಂದು ಕಲೆ, ಸುತ್ತಲಿನ ಚರ್ಮಕ್ಕಿಂತ ತುಸು ಹೊಳಪು. ಯಾಮ್ನಾಳ ಬಲಗೈ ಮೇಜಿನ ಮೇಲೆ ತಾನಾಗಿ ಅಲುಗಿತು. ಆ ಕಲೆ ಅವಳ ಅಂಗೈಗೆ ಗೊತ್ತು. ಬೀದಿಯ ಹೆಂಗಸರ ಸ್ನಾನಗೃಹವಾದ ಹಮ್ಮಾಮಿನ ಬಿಸಿ ಕಲ್ಲಿನ ಮೇಲೆ, ಕಪ್ಪು ಸಾಬೂನು ಹಚ್ಚಿ, ಒರಟು ಕೈಗವಸಿನಿಂದ ಆ ಬೆನ್ನನ್ನು ಅವಳು ಎಷ್ಟು ಶುಕ್ರವಾರ ಉಜ್ಜಿಲ್ಲ! ‘ಅಲ್ಲಿ ಮೆಲ್ಲಗೇ ಕಣೇ, ಚುರುಚುರು ಅನ್ನುತ್ತೆ.’ ಮಗುವಾಗಿದ್ದಾಗ ಇದ್ದಿಲ ಒಲೆಯ ಮೇಲೆ ಅಂಗಾತ ಬಿದ್ದಿದ್ದಳು. ಎದುರು ಮನೆಯ ಹುಡುಗಿ, ಅವಳ ಜೀವದ ಗೆಳತಿ, ಆಮೇಲೆ ಅವಳ ಅತ್ತಿಗೆ. ಬತೂಲ್.

ಕಾಫಿ ಬಂತು. ಅವಳು ಸಕ್ಕರೆ ಹಾಕಿದಳು, ಕಲಕಿದಳು, ಮತ್ತೆ ಹಾಕಿದಳು. ಕಫ್ತಾನನ್ನು ಬತೂಲ್ ಕೇಳಿಕೊಂಡು ಹೋಗಿದ್ದಳು, ಚಿಕ್ಕಮ್ಮನ ಮಗುವಿಗೆ ಹೆಸರಿಡುವುದಿದೆ ಎಂದು. ಬೀದಿಯಲ್ಲಿ ಯಾರ ಕಫ್ತಾನು ಯಾರ ಮೈಮೇಲಿಲ್ಲ? ಕೇಳಿದರೆ ಕೊಡುತ್ತಾರೆ, ಬೇಕಾದಾಗ ತರುತ್ತಾರೆ. ತಡವಾಗಿ ವಾಪಸು ತಂದಾಗ ಅದಕ್ಕೆ ಎಂಥದೋ ಘಾಟು ವಾಸನೆ. ‘ಇದೇನೇ ವಾಸ್ನೆ?’ ‘ಚಿಕ್ಕಮ್ಮನ ಮನೆಗೆ ಸುಣ್ಣಬಣ್ಣ ಮಾಡಿಸ್ತಿದ್ರು.’ ಎರಡು ದಿನ ಯಾಮ್ನಾಳೇ ಅದನ್ನು ಮಹಡಿಯ ಗಾಳಿಗೆ ಹರವಿದ್ದಳು, ದಡ್ಡಿ, ಶತದಡ್ಡಿ. ಗಂಡಸರು ಹೆಂಗಸರನ್ನು ಬಟ್ಟೆಯಿಂದ ಗುರುತಿಸುತ್ತಾರೆ. ಅವರಿಗೆ ಬೇರೇನು ಗೊತ್ತು? ಮೈಯಿಂದ ಗುರುತಿಸುವವರು ಹಮ್ಮಾಮಿನಲ್ಲಿ ಜೊತೆಗೆ ಕೂತವರು. ಅಂಥ ಒಬ್ಬ ಹೆಂಗಸೂ ಇಷ್ಟು ವರ್ಷದಲ್ಲಿ ಈ ಬಾಗಿಲು ದಾಟಿರಲಿಲ್ಲ. ಬತೂಲ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೊಡೆತ ತಿಂದವಳ ತಲೆ ಸವರಿದಳು, ಗೊತ್ತಿದ್ದೇ ಅದೇ ಮನೆಗೆ ಸೊಸೆಯಾಗಿ ಬಂದಳು, ಗೊತ್ತಿದ್ದೇ ಮೆಹಂದಿಯ ಬಟ್ಟಲು ಕಿತ್ತುಕೊಂಡಳು. ಯಾಮ್ನಾಳಿಗೆ ಎದೆಯಲ್ಲಿ ಬೆಂಕಿ ಬಿದ್ದಿತು. ಜೊತೆಗೇ ಒಂದು ಸಂತೋಷ, ಕೆಟ್ಟ ಸಂತೋಷ, ಹಸಿದವನಿಗೆ ಎಲೆ ಹಾಕಿದಂಥದು. ಎದುರಿಗೆ ಕೂತಿರುವ ಈ ಮೂರ್ಖ, ಹೆಂಡತಿಯ ಬೆನ್ನಿಗೆ ಬೆನ್ನು ಹಾಕಿ ಇಷ್ಟು ವರ್ಷ ಕುಡಿದವನು, ಒಂದು ಸಲ ತಿರುಗಿದರೆ ಸಾಕು.

‘ಅಣ್ಣಾ’ ಎಂದಳು. ದನಿ ಜೇನಿನಂತಿತ್ತು. ‘ಹಿಂದೆ ತಿರುಗಿ ಒಂದ್ಸಲ ನೋಡು.’

‘ಬೇಡ.’

‘ತಂಗಿ ಬೆತ್ತಲೆ ನೋಡ್ಬಾರ್ದು ಅಂತಾನಾ? ನಾನೇ ಹೇಳ್ತಿದೀನಲ್ಲ, ನೋಡು. ಎಡ ಹೆಗಲ ಕೆಳಗೆ ನೋಡು.’

ಅವನ ಬೆರಳು ಮಣಿಯ ಮೇಲೆ ನಿಂತಿತು. ಆಮೇಲೆ, ಪಕ್ಕದ ಮೇಜಿಗೆ ಕೇಳದಷ್ಟು ಸಣ್ಣಗೆ ಹೇಳಿದ. ‘ಗೊತ್ತು.’

‘ಏನು ಗೊತ್ತು?’

‘ಗೊತ್ತು ಕಣೇ. ಮದ್ವೆ ರಾತ್ರೀನೇ ಗೊತ್ತಾಯ್ತು.’

ಗಲ್ಲೆಯ ಬಳಿ ಯಾರೋ ಬಾಟಲಿಯ ಮುಚ್ಚಳ ತೆಗೆದರು. ಹಮ್ಮಾದಿ ಫುಟ್‌ಬಾಲಿನ ಬಗ್ಗೆ ಏನೋ ಕೂಗಾಡುತ್ತಿದ್ದ. ಯಾಮ್ನಾ ಅಣ್ಣನ ಬಾಯಿಯನ್ನು ನೋಡುತ್ತಿದ್ದಳು. ಅದು ಅವರ ಅಮ್ಮನ ಬಾಯಿ, ಕೆಳತುಟಿ ಸ್ವಲ್ಪ ಜೋತಿದ್ದು. ಮದುವೆ ರಾತ್ರಿ. ಆ ರಾತ್ರಿ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ನೆಂಟರ ಕಣ್ಣಿಗೆ ಬೀಳಬೇಡವೆಂದು ಅಮ್ಮ ಹೇಳಿದ್ದಳು. ಮರುದಿನ ಅಣ್ಣ ಕೆಳಗಿಳಿದು ಬಂದಾಗ ಅವಳೇ ಅವನಿಗೆ ಗಂಜಿ ಬಡಿಸಿದ್ದಳು. ಅವನು ಮುಖ ಎತ್ತಿರಲಿಲ್ಲ. ಹೊಸ ಮದುವಣಿಗನ ನಾಚಿಕೆ ಎಂದುಕೊಂಡು ಅವಳು, ಬೆನ್ನ ಮೇಲೆ ಇನ್ನೂ ಏಟಿನ ನೆನಪಿದ್ದವಳು, ಮುಗುಳ್ನಕ್ಕಿದ್ದಳು. ಅದೇ ಹೊಟ್ಟೆ ಉರಿಸಿತು ಈಗ, ಆ ಮುಗುಳ್ನಗೆ.

‘ಗೊತ್ತಿದ್ದೂ?’ ಎಂದಳು.

‘ಏನು ಮಾಡ್ಲಿ ಹೇಳು? ನಿಂದು ಆಗ್ಲೇ ಹೋಗಿತ್ತು. ಮೀಲೂದ್‌ಗೆ ಬೇರೆ ಮದ್ವೆ ಆಗೋಗಿತ್ತು. ಒಂದು ಮಾನ ಹೋಗಿತ್ತು ಅಂತ ಇನ್ನೊಂದನ್ನೂ ಕಳೀಬೇಕಿತ್ತಾ? ಮನೇಲಿ ಒಬ್ರಾದ್ರೂ ತಲೆ ಎತ್ಕೊಂಡಿರ್ಲಿ ಅಂದ್ಕೊಂಡೆ.’

‘ಅವಳಿಗೆ ಗೊತ್ತಾ, ನಿಂಗೆ ಗೊತ್ತಿರೋದು?’

‘ಇಲ್ಲ. ಕೇಳಿಲ್ಲ ನಾನು. ಒಂದಿನಾನೂ ಕೇಳಿಲ್ಲ.’ ಅವನ ಕಣ್ಣಲ್ಲಿ ನೀರಾಡಿತು. ಅವನಿಗೆ ಅವನ ಮೇಲೇ ಹುಟ್ಟಿದ ಕರುಣೆಯ ನೀರು ಎಂದು ಯಾಮ್ನಾಗೆ ಗೊತ್ತಾಯಿತು. ‘ಇಲ್ಲಿ ಬಂದು ಕೂರ್ತಿದ್ದೆ. ಬೇರೆ ಕಡೆ ಹೋಗಕ್ಕೂ ಆಗ್ತಿರ್ಲಿಲ್ಲ. ಯಾಮ್ನಾ, ನಾಡಿದ್ದು ಹೊರಡ್ತೀನಿ. ಕ್ಷಮಿಸಿದೆ ಅಂದ್ಬಿಡು ತಾಯೀ.’

ಲೋಟ ತೆಗೆಯಲು ಬ್ರೀಕ್ ಬಂದ. ಅವಳು ಅವನ ಮುಖ ನೋಡದೆ ಕೇಳಿದಳು. ‘ಬ್ರೀಕ್ ಅವ್ರೇ, ಆ ಚಿತ್ರದಲ್ಲಿರೋಳು ಯಾರು ಅಂತ ಸಲ್ಲಾಮ್ ಹೇಳಿದ್ನಾ ನಿಮ್ಗೆ?’

ಮುದುಕ ತಹಾಮಿಯತ್ತ ನೋಡಿ ಗಂಟಲು ಸರಿಮಾಡಿಕೊಂಡ. ‘ಇಲ್ಲ ಲಲ್ಲಾ. ಅವನು ಹೆಸ್ರು ಬಾಯ್ಬಿಡ್ಲೇ ಇಲ್ಲ. ಫ್ರಾನ್ಸಿಗೆ ಹೋದ, ಅಲ್ಲೇ ತೀರ್ಕೊಂಡ. ಯಾರಿಗೂ ಗೊತ್ತಿರ್ಲಿಲ್ಲ. ಒಂದು ಬೆನ್ನು, ಅಷ್ಟೇ. ತಹಾಮಿಯವ್ರು ಆ ಬಾಗಿಲಲ್ಲಿ ನಿಂತು, ಇವಳು ನನ್ನ ತಂಗಿ ಅಂತ ಕೂಗಿದ್ ಮೇಲೇ ನಮ್ಗೂ...’ ಅವನು ಮಾತು ನುಂಗಿಕೊಂಡು ಲೋಟ ಎತ್ತಿಕೊಂಡು ಹೋದ.

ಹಾಗಾದರೆ ಅದೂ ಇವನೇ. ಊರು ನೋಡಿತ್ತು, ಊರು ಗುರುತಿಸಿತ್ತು, ಊರು ಆಡಿಕೊಂಡಿತ್ತು ಎಂದು ಅವಳು ಬೀದಿಯಲ್ಲಿ ಗೋಡೆ ಸವರಿಕೊಂಡು ನಡೆದದ್ದು, ರೊಟ್ಟಿ ಭಟ್ಟಿಯ ಸಾಲಿನಲ್ಲಿ ಕೊನೆಗೆ ನಿಂತದ್ದು ಎಲ್ಲ ಈ ಒಂದು ಗಂಟಲಿನ ಕೂಗಿಗೆ. ಅವಳು ಎದ್ದು ನಿಂತಳು. ‘ಏಳು. ಅವತ್ತು ಎಲ್ಲಿ ನಿಂತಿದ್ಯೋ ಅಲ್ಲೇ ಹೋಗಿ ನಿಲ್ಲು. ಅವತ್ತಿನ ದನೀಲೇ ಹೇಳು, ಇವಳು ನನ್ನ ತಂಗಿ ಅಲ್ಲ ಅಂತ. ಆಮೇಲೆ ಕ್ಷಮೆ ಕೇಳು.’

‘ಮತ್ಯಾರು ಅಂತ ಕೇಳ್ತಾರೆ ಕಣೇ.’

‘ಕೇಳ್ಲಿ.’

ಅವನು ಎದ್ದ. ಬಾಗಿಲ ತನಕ ಹೋದ. ಮಂದಿ ಮಾತು ನಿಲ್ಲಿಸಿ ನೋಡಿದರು. ಬಿಳಿ ಜಲ್ಲಾಬದಲ್ಲಿ ಅವನು ಹೆಣದ ಬಟ್ಟೆ ಸುತ್ತಿಕೊಂಡವನಂತೆ ನಿಂತಿದ್ದ. ‘ಎಲ್ರೂ... ಎಲ್ರೂ ಕ್ಷಮಿಸ್ಬೇಕು’ ಎಂದ. ‘ಇಹಕ್ಕೂ ಪರಕ್ಕೂ ಕ್ಷಮಿಸಿದೀವಿ ಹಾಜಿ!’ ಎಂದು ಬಾರಿಗೆ ಬಾರೇ ಲೋಟ ಎತ್ತಿತು. ಎಷ್ಟು ಸುಲಭ! ಹಮ್ಮಾದಿ ಎದ್ದು ಬಂದು ಅವನನ್ನು ತಬ್ಬಿಕೊಂಡ.

ಯಾಮ್ನಾ ಗಲ್ಲೆಗೆ ಹೋದಳು. ‘ಬ್ರೀಕ್ ಅವ್ರೇ, ಆ ಚಿತ್ರ ನಂಗೆ ಕೊಡಿ.’ ಮುದುಕ ಅವಳನ್ನು ನೋಡಿದ. ಬೆಲೆ ಗಿಲೆ ಎನ್ನಲಿಲ್ಲ. ಏಣಿ ಎಳೆದುಕೊಂಡು ಹತ್ತಿ ಮೊಳೆಯಿಂದ ಬಿಡಿಸಿದ, ಧೂಳು ಊದಿದ, ಹಳೆಯ ಪತ್ರಿಕೆಯಲ್ಲಿ ಸುತ್ತಿದ. ‘ಇಷ್ಟು ವರ್ಷ ನಿಮ್ಮ ಹೆಸ್ರಲ್ಲೇ ಇತ್ತಲ್ಲಮ್ಮಾ, ತಗೊಂಡ್ಹೋಗಿ. ಒಲೆಗೆ ಹಾಕಿ ನಿಶ್ಚಿಂತೆಯಾಗಿರಿ.’ ಗೋಡೆಯಲ್ಲಿ ಒಂದು ಬೆಳ್ಳನೆಯ ಚೌಕ ಉಳಿಯಿತು. ಬಾಗಿಲ ಬಳಿ ತಹಾಮಿ ಚಿತ್ರದ ಚೌಕಟ್ಟನ್ನು ಹಿಡಿದ.

‘ಎಲ್ಲಿಗೆ ಇದು?’

‘ಮನೆಗೆ. ನಾಳೆ ನಿನ್ನ ಬೀಳ್ಕೊಡಕ್ಕೆ ಬೀದಿ ಹೆಂಗಸ್ರೆಲ್ಲ ಬರ್ತಾರಲ್ಲ. ನಡುಮನೆ ಗೋಡೆ ಬೋಳುಬೋಳಾಗಿದೆ.’

ಬೀದಿಯ ಹೆಂಗಸರು. ಒಂದೇ ಹಮ್ಮಾಮಿನಲ್ಲಿ ಬತೂಲ್‌ಳ ಜೊತೆ ಬಾಲ್ಯದಿಂದ ಬೆನ್ನು ಉಜ್ಜಿಸಿಕೊಂಡವರು. ಒಂದು ಮಾತೂ ಆಡಬೇಕಿರಲಿಲ್ಲ, ಬರೀ ಒಂದು ಮೊಳೆ ಸಾಕು. ತಹಾಮಿಗೆ ತಿಳಿಯಿತು. ಅವನು ಅವಳ ತೋಳು ಹಿಡಿದ, ಬಿಟ್ಟ, ಕೋಣೆಯತ್ತ ತಿರುಗಿದ. ಅವಳು ಹೊಸ್ತಿಲು ದಾಟುತ್ತಿದ್ದಾಗ ಅವನ ದನಿ ಕೇಳಿತು, ಗಟ್ಟಿಯಾಗಿ, ಒಡೆದು, ಅವತ್ತಿನ ದನಿಯೇ. ‘ಆ ಚಿತ್ರದಲ್ಲಿದ್ದೋಳು ನನ್ನ ತಂಗಿ ಅಲ್ಲ! ಕೇಳಿಸ್ತಾ? ನನ್ನ ತಂಗಿ ಯಾಮ್ನಾ ಅಲ್ಲ!’

ಈ ಮಾತಿಗಾಗಿ ಅವಳು ಬದುಕಿದ್ದಳು. ಕೇಳಿದ ಕ್ಷಣ ಎದೆ ಹಗುರಾಗುತ್ತದೆ, ಅಳು ಬರುತ್ತದೆ, ಅಲ್ಲೇ ಕುಸಿಯುತ್ತೇನೆ ಎಂದೆಲ್ಲ ಎಷ್ಟು ರಾತ್ರಿ ಕಲ್ಪಿಸಿಕೊಂಡಿದ್ದಳು. ಏನೂ ಆಗಲಿಲ್ಲ. ಬೀದಿಯಲ್ಲಿ ಸಮುದ್ರದ ತಣ್ಣನೆ ಗಾಳಿ ಬೀಸುತ್ತಿತ್ತು, ಮೊಣಕಾಲು ನೋಯುತ್ತಿತ್ತು, ತಹಾಮಿ ಹಿಂದಿನಿಂದ ಓಡಿ ಬರುತ್ತಿದ್ದ. ‘ಹೇಳ್ದೆ ಯಾಮ್ನಾ! ಹೇಳ್ದೆ! ಈಗಾದ್ರೂ ಕ್ಷಮಿಸಿದೆ ಅನ್ನು!’ ನಾಳೆಯ ನಡುಮನೆ ಅವಳ ಕಣ್ಣ ಮುಂದೆ ಬಂತು. ಬತೂಲ್‌ಳ ಊದಿದ ಮೊಣಕಾಲುಗಳು, ಅವಳ ಚಿಕ್ಕ ಮಗಳು, ಆ ಹುಡುಗಿಗೆ ಇನ್ನೂ ಮದುವೆಯಾಗಿಲ್ಲ. ಆ ಹುಡುಗಿಯನ್ನು ಯಾಮ್ನಾಳೇ ಎತ್ತಿ ಆಡಿಸಿದ್ದಳು. ಆ ಯೋಚನೆ ಅವಳ ಕಾಲನ್ನು ಒಂದು ಗಳಿಗೆ ಹಿಡಿಯಿತು. ಆಮೇಲೆ ಮೆಹಂದಿಯ ಬಟ್ಟಲು ನೆನಪಾಯಿತು, ಆ ನಗು ನೆನಪಾಯಿತು. ಟ್ರಾಮ್ ಬಂದು ನಿಂತಿತು. ಅವಳು ಹತ್ತಿದಳು. ತಹಾಮಿ ಮುಟ್ಟುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನ ಆಚೆ ಅವನ ಬಾಯಿ ಅಲುಗುತ್ತಿತ್ತು, ಅದೇ ಮಾತು, ಮತ್ತೆ ಮತ್ತೆ. ಅವಳು ಅತ್ತ ಬೆನ್ನು ಹಾಕಿ ಕೂತಳು.

ಪಕ್ಕದಲ್ಲಿ ಪುದೀನ ಕಟ್ಟುಗಳ ಬುಟ್ಟಿಯಿಟ್ಟುಕೊಂಡ ಅಜ್ಜಿ ಸರಿದು ಜಾಗ ಕೊಟ್ಟಳು. ತೊಡೆಯ ಮೇಲಿನ ಪತ್ರಿಕೆ ಒಂದು ಮೂಲೆಯಲ್ಲಿ ಹರಿದಿತ್ತು. ದಾಳಿಂಬೆ ಬಣ್ಣ ಇಣುಕುತ್ತಿತ್ತು.

‘ಎಷ್ಟು ಚೆನ್ನಾಗಿದೆ ಬಣ್ಣ!’ ಎಂದಳು ಅಜ್ಜಿ. ‘ಯಾರ ಚಿತ್ರಾನಮ್ಮಾ ಅದು?’

ಯಾಮ್ನಾ ಹರಿದ ಪತ್ರಿಕೆಯನ್ನು ಮಡಿಸಿ ಸರಿಮಾಡಿದಳು.

‘ನಮ್ಮತ್ತಿಗೇದು’ ಎಂದಳು.